ಹೋಗದೆ ನಿಂತ ಸ್ಕ್ಯಾನು

ವಿಜಯದಶಮಿಯ ದಿನ ಯಾರ ತಲೆಗೂ ಪೆಟ್ಟು ಬೀಳುವುದಿಲ್ಲ ಎಂದು ಡ್ಯೂಟಿ ಡಾಕ್ಟರಿಗೆ ಯಾವ ಪುಣ್ಯಾತ್ಮ ಬರೆದುಕೊಟ್ಟಿದ್ದನೋ ಕಾಣೆ, ಅವರು ಹಬ್ಬಕ್ಕೆಂದು ಊರಿಗೆ ಹೊರಟುಹೋಗಿದ್ದರು. ಕಲ್ಯಾಣದುರ್ಗದ ಆ ಸ್ಕ್ಯಾನ್ ಸೆಂಟರಿನಲ್ಲಿ ಉಳಿದವರು ಇಬ್ಬರೇ. ಒಬ್ಬಳು ಮೆಷಿನ್ ನಡೆಸುವ ತ್ರಿವೇಣಿ, ಹಿಂದೂಪುರದ ಹುಡುಗಿ, ಇಲ್ಲಿ ರೂಮು ಮಾಡಿಕೊಂಡು ಮೂರು ವರ್ಷವಾಗಿತ್ತು. ಇನ್ನೊಬ್ಬರು ಸೆಂಟರಿನ ಯಜಮಾನರು ಲಿಂಗಣ್ಣ. ಕಡಲೆಬೀಜದ ಮಂಡಿಯಲ್ಲಿ ಬೆಳೆದವರು, ಹಣೆಗೆ ವಿಭೂತಿ ಇಲ್ಲದೆ ಬೀದಿಗೆ ಇಳಿದವರಲ್ಲ. ಸ್ಕ್ಯಾನ್ ಎಂದರೇನೆಂದು ಅವರಿಗೆ ಅಷ್ಟಾಗಿ ತಿಳಿಯದು, ಸೆಂಟರಿನ ಹೆಸರು ಎಂದರೇನೆಂದು ಚೆನ್ನಾಗಿ ತಿಳಿದಿತ್ತು.

ಹನ್ನೊಂದು ಗಂಟೆಗೆ ಬಾಗಿಲಲ್ಲಿ ಆಟೋ ನಿಂತಿತು. ಕುಂದುರ್ಪಿ ಕಡೆಯ ರೈತ ವೆಂಕಟರಾಯಪ್ಪ ಹೆಂಡತಿ ಕೊಂಡಮ್ಮನನ್ನು ಹೆಗಲಿಗೆ ಆನಿಸಿಕೊಂಡು ಇಳಿಸಿದ. ಬೆಳಗ್ಗೆ ಅವಳು ಕಡಲೆಬಳ್ಳಿಯ ಬಣವೆ ಮೇಲಿಂದ ಜಾರಿ ಕಣದ ಬಂಡೆಗೆ ಬಿದ್ದಿದ್ದಳು. ಬಿದ್ದವಳು ಒಂದು ಗಳಿಗೆ ಕಣ್ಣು ಮುಚ್ಚಿದಳಂತೆ, ಆಮೇಲೆ ಎದ್ದು ಕೂತು ಟೀ ಕುಡಿದು, ಏಣಿ ನೆಟ್ಟಗೆ ಹಿಡಿಯಲಿಲ್ಲವೆಂದು ಗಂಡನಿಗೆ ಬಾಯಿಗೆ ಬಂದಂತೆ ಬೈದಳಂತೆ. ಅಷ್ಟು ಬೈದವಳಿಗೆ ಏನಾಗಿರುತ್ತದೆ ಎಂದು ಅವನೂ ಸುಮ್ಮನಿದ್ದ. ಎರಡು ಸಲ ವಾಂತಿಯಾದ ಮೇಲೆ ಊರ ಡಾಕ್ಟರು ಚೀಟಿ ಬರೆದು ಇಲ್ಲಿಗೆ ಅಟ್ಟಿದ್ದರು.

"ತಲೆ ಸಿಡೀತದೆ ಕಣಮ್ಮ," ಎಂದಳು ಕೊಂಡಮ್ಮ, ಮೆಷಿನ್ನಿನ ಹಲಗೆ ಮೇಲೆ ಮಲಗುತ್ತಾ. ಕಬ್ಬಿಣ, ಬಂಗಾರ ಯಾವುದೂ ಮೈಮೇಲೆ ಇರಬಾರದು ಎಂದಿದ್ದಕ್ಕೆ ತಾಳಿಯ ದಾರವನ್ನೂ ಅದಕ್ಕೆ ಸಿಕ್ಕಿಸಿದ್ದ ಪಿನ್ನುಗಳನ್ನೂ ತೆಗೆದು ಗಂಡನ ಕೈಗೆ ಕೊಟ್ಟಿದ್ದಳು. ಅವನು ಅದನ್ನು ಅಂಗಿಯ ಜೇಬಿಗೆ ಹಾಕಿ ಮೇಲೆ ಕೈ ಒತ್ತಿ ನಿಂತಿದ್ದ.

ಸ್ಕ್ಯಾನ್ ಹತ್ತು ನಿಮಿಷದಲ್ಲಿ ಮುಗಿಯಿತು. ಪರದೆಯ ಮೇಲೆ ಚಿತ್ರಗಳು ಒಂದೊಂದಾಗಿ ಬಂದವು. ಏಳನೆಯದಕ್ಕೆ ತ್ರಿವೇಣಿ ಪರದೆಯ ಹತ್ತಿರಕ್ಕೆ ಬಗ್ಗಿದಳು. ಎಡಗಡೆ ಬುರುಡೆಯ ಒಳಗೋಡೆಗೆ ಅವರೆಬೇಳೆಯೊಂದನ್ನು ಅಂಟಿಸಿದಂತೆ ಬೆಳ್ಳಗೆ ಕಾಣುತ್ತಿತ್ತು. ಎಂಟನೆಯದರಲ್ಲಿ ಅದು ಇನ್ನೂ ದಪ್ಪ. ಅದು ರಕ್ತ, ಬುರುಡೆಗೂ ಮಿದುಳಿಗೂ ನಡುವೆ ಸೋರುತ್ತಿರುವ ರಕ್ತ, ಎಂದು ಅವಳ ಕಣ್ಣು ಹೇಳಿತು. ಬಾಯಿ ಹೇಳಲಿಲ್ಲ.

ಬಾಯಿ ಹೇಳದಿರಲು ಕಾರಣವಿತ್ತು. ಹೋದ ಆಷಾಢದಲ್ಲಿ ಕೇಶವಯ್ಯ ಎಂಬ ಮೇಷ್ಟ್ರು ತಲೆನೋವೆಂದು ಬಂದಿದ್ದರು. ಪರದೆಯಲ್ಲಿ ಬಿಳಿ ಚುಕ್ಕೆ ಕಂಡು, ಕೇಳಿದರಲ್ಲ ಪಾಪ ಎಂದು, ಗೆಡ್ಡೆ ಇರಬಹುದು ಸಾರ್ ಎಂದುಬಿಟ್ಟಿದ್ದಳು. ಅದು ಗೆಡ್ಡೆಯಲ್ಲ, ವಯಸ್ಸಾದವರ ತಲೆಯಲ್ಲಿ ಸುಣ್ಣ ಕಟ್ಟಿದ ಕಲೆ. ಮೂರು ದಿನದ ಮೇಲೆ ಮೇಷ್ಟ್ರು ವಾಪಸು ಬಂದು ಬಾಗಿಲಲ್ಲೇ ನಿಂತು, "ಮೂರು ದಿವ್ಸ ನಾನು ಸತ್ತೇ ಇದ್ದೆ ಕಣಮ್ಮ," ಎಂದು ಮೆಲ್ಲಗೆ ಹೇಳಿ ಹೋದರು. ಬೈದಿದ್ದರೆ ವಾಸಿ ಇತ್ತು. ಆವತ್ತು ಲಿಂಗಣ್ಣ ಅವಳನ್ನು ಕೂರಿಸಿಕೊಂಡು, ಫೋಟೋ ತೆಗೆಯುವುದು ನಿನ್ನ ಕೆಲಸ, ಹೇಳುವುದು ಡಾಕ್ಟರ ಕೆಲಸ, ಇನ್ನೊಂದು ಸಲ ಬಾಯಿ ಬಿಟ್ಟರೆ ನಿನಗೂ ನಮಗೂ ಆಯಿತು ಎಂದಿದ್ದರು. ಅಂದಿನಿಂದ ಯಾರು ಏನು ಕೇಳಿದರೂ ಅವಳದು ಒಂದೇ ಮಾತು, ಡಾಕ್ಟರ್ ಹೇಳ್ತಾರೆ.

ಹೇಳುವ ಡಾಕ್ಟರು ಇದ್ದದ್ದು ಹಿಂದೂಪುರದಲ್ಲಿ. ಶ್ರೀಲತಾ ಮೇಡಂ. ಇಲ್ಲಿ ತೆಗೆದ ಚಿತ್ರ ನೆಟ್ಟಿನಲ್ಲಿ ಅಲ್ಲಿಗೆ ಹೋಗಬೇಕು, ಅವರು ನೋಡಿ ಎರಡು ನಿಮಿಷದಲ್ಲಿ ರಿಪೋರ್ಟು ಕಳಿಸಬೇಕು. ತ್ರಿವೇಣಿ 'ಸೆಂಡ್' ಒತ್ತಿದಳು. ನೆಟ್‌ವರ್ಕ್ ಇಲ್ಲ ಎಂದಿತು. ಮತ್ತೆ ಒತ್ತಿದಳು. ಮತ್ತೆ ಅದೇ. ಕಂಪ್ಯೂಟರನ್ನು ಆರಿಸಿ ಹಚ್ಚಿದಳು. ಅದು ಎದ್ದೇಳಲು ನಾಲ್ಕು ನಿಮಿಷ ತೆಗೆದುಕೊಂಡಿತು. ಎದ್ದ ಮೇಲೂ ಅದೇ ಹಾಡು.

ಫಿಲ್ಮು ತೆಗೆಯುವ ಪ್ರಿಂಟರೂ ಅದೇ ವೈರಿನ ಮೇಲಿತ್ತು, ಅದೂ ಬಾಯಿ ಮುಚ್ಚಿತ್ತು. ಪರದೆಯ ಫೋಟೋವನ್ನು ಮೊಬೈಲಿನಲ್ಲಿ ತೆಗೆದು ವಾಟ್ಸಾಪಿನಲ್ಲಿ ಕಳಿಸಿದಳು. ಟ್ಯೂಬ್‌ಲೈಟ್ ಆರಿಸಿ ಇನ್ನೊಂದು, ಪಕ್ಕಕ್ಕೆ ನಿಂತು ಮತ್ತೊಂದು. ಎಲ್ಲದರಲ್ಲೂ ಅಡ್ಡ ಗೆರೆಗಳು, ಹೊಳಪು.

"ಈ ಬಿಳೀದು ಬುರುಡೇದೋ ಒಳಗಿಂದೋ ಫೋಟೋದಲ್ಲಿ ಹೇಳೋಕಾಗಲ್ಲ ತ್ರಿವೇಣಿ," ಎಂದರು ಫೋನಿನಲ್ಲಿ ಶ್ರೀಲತಾ ಮೇಡಂ. "ಹಿಂಗೇ ಫೋಟೋ ನೋಡಿ ಒಂದ್ಸಲ ಮೋಸ ಹೋಗಿದ್ದೀನಿ. ಸರಿಯಾದ ಇಮೇಜ್ ಕಳಿಸು. ಬಂದ ತಕ್ಷಣ ಹೇಳ್ತೀನಿ." ಅವರ ಮುಂದೆ ಇನ್ನೊಬ್ಬ ರೋಗಿ ನರಳುವುದು ಕೇಳಿಸುತ್ತಿತ್ತು. ಫೋನ್ ಇಟ್ಟುಬಿಟ್ಟರು.

ವೆಂಕಟರಾಯಪ್ಪ ಬಾಗಿಲ ಸಂದಿಯಿಂದ ಇಣುಕಿದ. "ಏಮಯಿಂದಿ ಮೇಡಮ್ಮ, ಏನಾಯ್ತು, ರಿಪೋರ್ಟು ಬಂತಾ?"

"ಡಾಕ್ಟರ್ ಹೇಳ್ತಾರೆ, ಸ್ವಲ್ಪ ಕೂತ್ಕೊಳ್ಳಿ," ಎಂದಳು. ತನ್ನ ದನಿ ತನಗೇ ಬೇರೆ ಯಾರದೋ ಅನ್ನಿಸಿತು.

ಇಂಥ ಹೊತ್ತಿಗೆ ಅವಳಿಗೆ ಇದ್ದವನು ಒಬ್ಬನೇ, ಅಣ್ಣ ರಘುನಾಥ. ಹಿಂದೂಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು. ಇಲ್ಲಿನ ವೈರೆಲ್ಲ ಎಳೆದವನೂ ಅವನೇ, ಲಿಂಗಣ್ಣನವರಿಗೆ ಹೇಳಿ ಅವಳಿಗೆ ಕೆಲಸ ಕೊಡಿಸಿದವನೂ ಅವನೇ.

"ಏನೇ, ಹಬ್ಬದ ದಿನಾನೂ ಬಿಡಾಕಿಲ್ವಾ," ಎಂದ ರಘುನಾಥ. ಒಬ್ಬಟ್ಟು ತಿನ್ನುತ್ತಿದ್ದನೆಂದು ಕಾಣುತ್ತದೆ, ಬಾಯಿ ತುಂಬಿತ್ತು. ಅವಳು ವಿಷಯ ಹೇಳುತ್ತಿದ್ದಂತೆ ಅಗಿಯುವುದು ನಿಂತಿತು. "ಅಳಬ್ಯಾಡ. ಕಂಪ್ಯೂಟರ್ ಡಬ್ಬದ ಹಿಂದಕ್ಕೆ ಹೋಗು. ನೆಟ್ ಕೇಬಲ್ ಹಾಕಿರೋ ತೂತಿನ ಪಕ್ಕ ಸಣ್ಣ ಲೈಟು ಐತೆ, ಹಸಿರುದು. ಉರೀತಾ ಐತಾ?"

"ಇಲ್ಲ ಕಣಣ್ಣ."

"ಕೇಬಲ್ ಕಿತ್ತು ಬಿಲ್ ಹಾಕೋ ಕಂಪ್ಯೂಟರಿಗೆ ಚುಚ್ಚು."

ಓಡಿಹೋಗಿ ಚುಚ್ಚಿದಳು. ಅಲ್ಲಿ ಹಸಿರು ದೀಪ ಥಟ್ಟನೆ ಹತ್ತಿಕೊಂಡಿತು. "ಇಲ್ಲಿ ಉರೀತದೆ."

"ಹಂಗಾರೆ ಕೇಬಲ್ ಸರಿ ಐತೆ, ಲೈನೂ ಸರಿ ಐತೆ. ಈಗ ಕೇಬಲ್ ವಾಪಸ್ ಚುಚ್ಚಿ ಸ್ಕ್ಯಾನ್ ಕಂಪ್ಯೂಟರಲ್ಲಿ ಡಿವೈಸ್ ಮ್ಯಾನೇಜರ್ ತೆಗಿ. ನೆಟ್‌ವರ್ಕ್ ಕಾರ್ಡಿನ ಹೆಸರ ಮೇಲೆ ಹಳದಿ ಗುರುತು ಏನಾರ ಐತಾ?"

"ಇಲ್ಲ. ಚೆನ್ನಾಗೈತೆ ಅಂತಾನೇ ತೋರಿಸ್ತಾ ಐತೆ."

"ಒಂದ್ಸಲ ಡಿಸೇಬಲ್ ಮಾಡಿ ಎನೇಬಲ್ ಮಾಡು."

ಮಾಡಿದಳು. ಅವಸರಕ್ಕೆ ಎರಡು ಸಲ ತಪ್ಪು ಕಡೆ ಒತ್ತಿದಳು. ಏನೂ ಆಗಲಿಲ್ಲ. ಹೊರಗೆ ಲಿಂಗಣ್ಣ, "ಈಗ ಬತ್ತದೆ ಕೂತ್ಕಳಪ್ಪ, ದೊಡ್ಡ ಡಾಕ್ಟರು ನೋಡ್ತಾವ್ರೆ," ಎಂದು ವೆಂಕಟರಾಯಪ್ಪನಿಗೆ ಹೇಳುವುದು ಕೇಳಿಸಿತು. ಯಾರೂ ನೋಡುತ್ತಿರಲಿಲ್ಲ.

"ಅಣ್ಣ, ಬೇರೆ ಕಾರ್ಡು ಹಾಕಿದ್ರೆ? ಮೊಬೈಲ್ ನೆಟ್ ಕೊಟ್ರೆ?"

"ಆಗಲ್ಲ ಕಣೇ. ಆ ಸಾಫ್ಟ್‌ವೇರು ಆ ಒಂದು ಕಾರ್ಡಿನ ನಂಬರ್ ನೋಡೇ ಬಾಗಿಲು ತೆಗೆಯೋದು. ಬೇರೇದು ಕೊಟ್ರೆ ಕಂಪನಿಯೋರು ಬರೋಗಂಟ ಎದ್ದೇಳಾಕಿಲ್ಲ. ಪೆನ್‌ಡ್ರೈವಿಗೂ ಅವರೇ ಬೀಗ ಹಾಕವ್ರೆ. ನೋಡು, ಕಾರ್ಡು ಸತ್ತಿಲ್ಲ, ವೈರು ಸತ್ತಿಲ್ಲ. ಎರಡೂ ಸೇರೋ ತೂತಲ್ಲೇ ಏನೋ ಆಗೈತೆ. ಕೇಬಲ್ ಕಿತ್ತು ಟಾರ್ಚ್ ಬಿಟ್ಟು ನೋಡು."

ಮೊಣಕಾಲೂರಿ ಮೊಬೈಲಿನ ಟಾರ್ಚು ಬಿಟ್ಟಳು. ತೂತಿನ ಒಳಗೆ ಕೆಂಪಗೆ, ಅಡ್ಡಡ್ಡಲಾಗಿ, ಏನೋ ಸಿಕ್ಕಿಕೊಂಡಿತ್ತು. ಕೆಂಪು ಬಣ್ಣದ ಬಿದಿರು ಕಡ್ಡಿಯ ತುಂಡು. ಊದುಬತ್ತಿಯ ಬುಡ.

ಅವಳು ಅಲ್ಲೇ ನೆಲಕ್ಕೆ ಕೂತಳು.

ಹಿಂದಿನ ದಿನ ಆಯುಧಪೂಜೆ. ಲಿಂಗಣ್ಣನವರ ತಾಯಿ ಸುವರ್ಣಮ್ಮನವರು ಮಡಿಯುಟ್ಟು ಬಂದು ಮೆಷಿನ್ನಿಗೆ ವಿಭೂತಿ ಎಳೆದು, ಕುಂಕುಮ ಇಟ್ಟು, ಕುಂಬಳಕಾಯಿ ಒಡೆಸಿ, ಊದುಬತ್ತಿ ಹಚ್ಚಿದ್ದರು. ಊದುಬತ್ತಿ ಸಿಕ್ಕಿಸುವುದು ಬಾಳೆಹಣ್ಣಿಗೆ, ಲೋಕಕ್ಕೆಲ್ಲ ಗೊತ್ತಿರುವ ವಿಷಯ. ಆದರೆ ಇದ್ದ ಹಣ್ಣನ್ನೆಲ್ಲ ಮುಂದಿನ ಕೋಣೆಯಲ್ಲಿ ಎಡೆಗೆ ಇಟ್ಟಾಗಿತ್ತು. ಕಡ್ಡಿ ಹಿಡಿದು ನಿಂತ ಮುದುಕಿ, "ಎಲ್ಲಾರ ಒಂದು ತೂತು ನೋಡೇ ತಾಯಿ, ಕೈ ಸುಡ್ತದೆ," ಎಂದರು. ಯಾರೂ ಕೇಳದ ಜಾಣತನ ತೋರಿಸಿದವಳು ತ್ರಿವೇಣಿ. ಡಬ್ಬದ ಬೆನ್ನು ಬಾಗಿಲ ಕಡೆಗೇ ಇತ್ತು. ನೆಟ್ ಕೇಬಲ್ ಕಿತ್ತು, ಎರಡು ಕಡ್ಡಿ ಸೇರಿಸಿ ಆ ತೂತಿಗೆ ಒತ್ತಿದಳು. ಬಿಗಿಯಾಗಿ ನಿಂತವು. ಸುವರ್ಣಮ್ಮ, "ಬುದ್ಧಿವಂತೆ," ಎಂದು ಕೆನ್ನೆ ತಟ್ಟಿದರು. ಪೂಜೆಯಾದ ಮೆಷಿನ್ನನ್ನು ಆ ದಿನ ಮುಟ್ಟುವ ಪದ್ಧತಿಯಿಲ್ಲ. ಇವತ್ತು ಬೆಳಗ್ಗೆ ಕಡ್ಡಿ ಎಳೆದು ಕೇಬಲ್ ಒತ್ತಿದಾಗ ಸ್ವಲ್ಪ ಬಿಗಿ ಅನ್ನಿಸಿತ್ತು. ಬಿಗಿಯಾದರೆ ಒಳ್ಳೆಯದೇ ಅಂದುಕೊಂಡಿದ್ದಳು. ಎಳೆದದ್ದು ಒಂದೂವರೆ ಕಡ್ಡಿ, ಅರ್ಧ ಒಳಗೇ ಮುರಿದು ಉಳಿದಿತ್ತು.

"ಏನಮ್ಮ ಅದು?" ಲಿಂಗಣ್ಣ ಒಳಗೆ ಬಂದು ಬಗ್ಗಿ ನೋಡಿದರು. ಅವರಿಗೂ ಕಂಡಿತು. ಮುಖ ಕಪ್ಪಿಟ್ಟಿತು. "ನಮ್ಮಮ್ಮ ಚುಚ್ಚಿದ್ದಾ?"

ಹೌದು ಎಂದಿದ್ದರೆ ನಡೆಯುತ್ತಿತ್ತು. ಎಂಬತ್ತು ವರ್ಷದ ತಾಯಿಗೆ ಯಾರು ಏನು ಹೇಳುತ್ತಾರೆ. ಆದರೆ ಅವಳ ಬಾಯಿಯಿಂದ, "ಇಲ್ಲ ಸಾರ್. ನಾನೇ," ಎಂದೇ ಬಂತು.

ಲಿಂಗಣ್ಣ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಬಾಗಿಲ ಹತ್ತಿರ ವೆಂಕಟರಾಯಪ್ಪ, "ಮೇಡಮ್ಮ, ಇವಳಿಗೆ ನಿದ್ದೆ ಬಂದ್ಬುಟ್ಟೈತೆ. ನೋವು ಕಮ್ಮಿ ಆಗೈತೆ ಅಂತ ಕಾಣ್ತದೆ. ಇನ್ನ ಮನೆಗೆ ಹೋಯ್ತೀವಿ, ರಿಪೋರ್ಟು ನಾಳಿಕೆ ಬಂದು ಇಸ್ಕೊಂತೀನಿ," ಎಂದ. ಅವನ ಮುಖ ಅರಳಿತ್ತು.

ತ್ರಿವೇಣಿ ಅವನನ್ನು ತಳ್ಳಿಕೊಂಡೇ ಹೊರಗೆ ಹೋದಳು. ಕೊಂಡಮ್ಮ ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದಳು. ಕೂಗಿದರೆ ಓಗೊಡಲಿಲ್ಲ, ಭುಜ ಅಲುಗಿಸಿದರೆ ಮುಲುಗಿದಳು, ಅಷ್ಟೇ. ರೆಪ್ಪೆ ಎತ್ತಿ ಟಾರ್ಚು ಬಿಟ್ಟಳು. ಬಲಗಣ್ಣಿನ ಪಾಪೆ ಬೆಳಕಿಗೆ ಕುಗ್ಗಿತು. ಎಡಗಣ್ಣಿನದು ದೊಡ್ಡದಾಗಿ ತೆರೆದೇ ಇತ್ತು, ಕುಗ್ಗಲಿಲ್ಲ. ರಕ್ತ ಮಿದುಳನ್ನು ಒತ್ತುತ್ತಿದ್ದರೆ ಹೀಗಾಗುತ್ತದೆ.

ನೆಟ್ಟು ಬರುವವರೆಗೆ ಕಾಯಬೇಕೆ? ಕಡ್ಡಿ ತೆಗೆದು, ಒಳಗೆ ಏನು ಮುರಿದಿದೆಯೋ ನೋಡಿ, ಅದು ಸರಿಹೋಗಿ, ಚಿತ್ರ ಹೋಗಿ, ಮೇಡಂ ನೋಡುವ ಹೊತ್ತಿಗೆ ಎಷ್ಟಾಗುತ್ತದೋ. ಅಥವಾ ಕೇಶವಯ್ಯ ಮೇಷ್ಟ್ರಿಗೆ ಹೇಳಿದ ಹಾಗೆ ಇವನಿಗೂ ಹೇಳಿಬಿಡಬೇಕೆ? ಆವತ್ತೂ ತನ್ನ ಕಣ್ಣು ಇಷ್ಟೇ ಖಚಿತವಾಗಿ ಹೇಳಿತ್ತು. ಭಯವೆಂದರೆ ಏನೆಂದು ಅವಳಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ ಅನ್ನಿಸಿತು.

"ಮನೆಗೆ ಹೋಗ್ಬೇಡಿ," ಎಂದಳು. "ಅನಂತಪುರಕ್ಕೆ ಹೋಗಿ. ದೊಡ್ಡಾಸ್ಪತ್ರೆಗೆ, ಈಗಲೇ. ತಲೆಯೊಳಗೆ ರಕ್ತ ಸೋರ್ತಾ ಇದೆ."

"ಡಾಕ್ಟರಮ್ಮ ಹೇಳಿದ್ರಾ?"

"ಇಲ್ಲ. ಅವ್ರಿಗೆ ಚಿತ್ರ ಹೋಗೇ ಇಲ್ಲ. ನಾನು ಹೇಳ್ತಾ ಇದ್ದೀನಿ."

ವೆಂಕಟರಾಯಪ್ಪ ಅವಳನ್ನೂ ಲಿಂಗಣ್ಣನವರನ್ನೂ ನೋಡಿದ. ಯಾರನ್ನು ನಂಬಬೇಕೆಂದು ಗೊತ್ತಾಗದೆ ಜೇಬಿನ ಮೇಲಿನ ಕೈಯನ್ನು ಇನ್ನೂ ಗಟ್ಟಿಯಾಗಿ ಒತ್ತಿಕೊಂಡ.

"ನೀನೇನು ಡಾಕ್ಟರಾ?" ಎಂದರು ಲಿಂಗಣ್ಣ, ಹಲ್ಲು ಕಚ್ಚಿಕೊಂಡು. "ಮೇಷ್ಟ್ರದ್ದು ಮರೆತೋಯ್ತಾ ನಿಂಗೆ?"

"ಮರೆತಿಲ್ಲ ಸಾರ್. ಮೇಷ್ಟ್ರು ನಡ್ಕೊಂಡು ವಾಪಸ್ ಬಂದು ಹೇಳಿ ಹೋದ್ರು. ಈಯಮ್ಮ ಬರಲ್ಲ."

ಲಿಂಗಣ್ಣ ಬೆಂಚಿನ ಮೇಲಿನ ಗೊರಕೆಯನ್ನು ಒಂದು ಕ್ಷಣ ಕೇಳಿಸಿಕೊಂಡರು. ವ್ಯಾಪಾರಿಯ ಮನಸ್ಸು, ಅಡಕತ್ತರಿಯಲ್ಲಿ ಸಿಕ್ಕಿತ್ತು. ಆಮೇಲೆ ಬಾಗಿಲಿಗೆ ಹೋಗಿ ತಮ್ಮ ಡ್ರೈವರನ್ನು ಕೂಗಿದರು. "ಮಧು, ಕಾರು ತೆಗಿಯಲಾ. ಅನಂತಪುರ. ಎಲ್ಲೂ ನಿಲ್ಲಿಸಬ್ಯಾಡ." ತಿರುಗಿ ಅವಳಿಗೆ, "ತಪ್ಪಾದ್ರೆ ನಾಳೆಯಿಂದ ನೀನು ಬರಬ್ಯಾಡ," ಎಂದರು.

ಮೂವರೂ ಸೇರಿ ಕೊಂಡಮ್ಮನನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ತ್ರಿವೇಣಿ ಫೋಟೋಗಳನ್ನು ಮಧುವಿನ ಫೋನಿಗೆ ಕಳಿಸಿದಳು. ಕಾರು ಹೊರಡುವ ಮುನ್ನ ಒಂದು ಮಾತು ನೆನಪಾಗಿ ಕಿಟಕಿಗೆ ಬಗ್ಗಿದಳು.

"ಅಣ್ಣ, ಆ ಪಿನ್ನು ಒಂದು ಕೊಡಿ."

ಯಾಕೆಂದು ಕೇಳುವ ಸ್ಥಿತಿಯಲ್ಲಿ ವೆಂಕಟರಾಯಪ್ಪ ಇರಲಿಲ್ಲ. ತಾಳಿಯ ದಾರದಿಂದ ಒಂದು ಪಿನ್ನು ಬಿಡಿಸಿ ಕೊಟ್ಟ.

ಒಳಗೆ ಬಂದು ಕಂಪ್ಯೂಟರ್ ಆರಿಸಿ, ಚಿಮುಟದಿಂದ ಕಡ್ಡಿಯ ತುಂಡು ಎಳೆದಳು. ಬಂತು. ರಘುನಾಥ ಫೋನಿನಲ್ಲಿ ಹೇಳುತ್ತಾ ಹೋದ. "ಒಳಗೆ ಕೂದಲಿನಂಥ ಎಂಟು ತಂತಿ ಅವೆ, ಸಾಲಾಗಿ. ಎಣಿಸು."

"ಆರೇ ಕಾಣ್ತಾವೆ."

"ಇನ್ನೆರಡು ಹಿಂದಕ್ಕೆ ಮಡಿಚ್ಕೊಂಡಿರ್ತವೆ. ಪಿನ್ನಿನ ತುದಿ ಕೆಳಗೆ ಹಾಕಿ ಮೆಲ್ಲಗೆ ಎತ್ತು. ಮುರಿದ್ರೆ ಕಾರ್ಡು ಹೋದಂಗೆ. ಉಸಿರು ಬಿಗಿ ಹಿಡ್ಕೋ."

ಉಸಿರು ಬಿಗಿ ಹಿಡಿಯಲು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಒಂದು ತಂತಿ ಸುಲಭವಾಗಿ ಎದ್ದಿತು. ಇನ್ನೊಂದು ಮೂರು ಸಲ ಜಾರಿತು. ಬೆವರು ಹುಬ್ಬಿನಿಂದ ಕಣ್ಣಿಗಿಳಿದು ಉರಿಯಿತು, ಒರೆಸಿಕೊಳ್ಳಲೂ ಹೆದರಿಕೆ. ಲಿಂಗಣ್ಣ ಯಾವಾಗಲೋ ಬಂದು ಮಾತಿಲ್ಲದೆ ಟಾರ್ಚು ಹಿಡಿದು ನಿಂತಿದ್ದರು. ನಾಲ್ಕನೆಯ ಸಲಕ್ಕೆ ತಂತಿ ಸಾಲಿಗೆ ಬಂದು ಕೂತಿತು. ಕೇಬಲ್ ಒತ್ತಿ ಕಂಪ್ಯೂಟರ್ ಹಚ್ಚಿದಳು. ಹಸಿರು ದೀಪ ಒಮ್ಮೆ ಮಿಣುಕಿ ಆರಿತು. ಮತ್ತೆ ಮಿಣುಕಿತು. ನಿಂತಿತು.

ಚಿತ್ರಗಳು ಹೋದವು. ಹನ್ನೆರಡೂ ಮುಕ್ಕಾಲು.

ಆಮೇಲಿನ ಹೊತ್ತು ಇತ್ತಲ್ಲ, ಅದು ಎಲ್ಲಕ್ಕಿಂತ ಕೆಟ್ಟದ್ದು. ಮಾಡಲು ಕೆಲಸ ಉಳಿದಿರಲಿಲ್ಲ. ಫೋನು ಮುಂದಿಟ್ಟುಕೊಂಡು ತ್ರಿವೇಣಿ ಸ್ಟೂಲಿನ ಮೇಲೆ ಕೂತಳು. ಬುರುಡೆಯ ನೆರಳೋ ಏನೋ ಆಗಿದ್ದರೆ? ಎಡಗಣ್ಣಿಗೆ ಮೊದಲೇ ಏನೋ ತೊಂದರೆ ಇದ್ದಿದ್ದರೆ? ಕೆಲಸ ಹೋಗುತ್ತದೆ, ಅಣ್ಣನ ಮರ್ಯಾದೆ ಹೋಗುತ್ತದೆ, ಕಲ್ಯಾಣದುರ್ಗದಿಂದ ಹಿಂದೂಪುರದವರೆಗೆ ಇನ್ಯಾವ ಸ್ಕ್ಯಾನ್ ಸೆಂಟರಿನವರೂ ಹತ್ತಿರ ಸೇರಿಸುವುದಿಲ್ಲ. ರಕ್ತವೇ ಆಗಿರಲಿ, ಸ್ವಾಮಿ, ರಕ್ತವೇ ಆಗಿರಲಿ, ಎಂದು ಅವಳು ಕೈ ಜೋಡಿಸಿ ಬೇಡಿಕೊಂಡಳು. ಏನು ಬೇಡುತ್ತಿದ್ದೇನೆಂದು ಆಗ ಅವಳಿಗೆ ಹೊಳೆಯಲಿಲ್ಲ.

ಶ್ರೀಲತಾ ಮೇಡಂ ಎರಡೇ ನಿಮಿಷಕ್ಕೆ ಫೋನ್ ಮಾಡಿದರು. "ರಕ್ತ ಕಣಮ್ಮ, ತುಂಬ ಇದೆ. ಪೇಷೆಂಟ್ ಎಲ್ಲಿ? ಅಲ್ಲಿ ಕೂರಿಸ್ಕೊಂಡಿದ್ದೀಯಾ?"

"ಅನಂತಪುರಕ್ಕೆ ಹೊರಟು ಮುಕ್ಕಾಲು ಗಂಟೆ ಆಯ್ತು ಮೇಡಂ."

"ಯಾರು ಕಳಿಸಿದ್ದು?"

"ನಾನೇ."

"ನನ್ನ ಮಾತಿಗೆ ಕಾದಿದ್ರೆ ಕಷ್ಟ ಇತ್ತು," ಎಂದರು ಮೇಡಂ. "ನಾನು ಅಲ್ಲಿಗೆ ಫೋನ್ ಮಾಡಿ ಆಪರೇಷನ್‌ಗೆ ರೆಡಿ ಇರೋಕೆ ಹೇಳ್ತೀನಿ."

ತ್ರಿವೇಣಿಗೆ ನಗು ಬಂತು. ತಡೆಯಲಾರದ ನಗು. "ರಕ್ತಾನೇ ಸಾರ್, ನಾನು ಹೇಳಿದ್ದೇ ಸರಿ," ಎಂದು ಲಿಂಗಣ್ಣನವರ ಮುಂದೆ ಹೋಗಿ ಹೇಳಿದಳು. ಅವರೂ, "ಶಿವ ಕಾಪಾಡ್ದ ಕಣಮ್ಮ," ಎಂದು ಎದೆ ಮುಟ್ಟಿಕೊಂಡು ನಕ್ಕರು. ಹನ್ನೊಂದು ಗಂಟೆಯಿಂದ ನೀರು ಕುಡಿಯದ ಇಬ್ಬರೂ ಒಂದೊಂದು ಚೊಂಬು ನೀರು ಕುಡಿದರು.

ಕೊಂಡಮ್ಮ ಬದುಕಿದಳು. ಅದನ್ನು ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿಮಗೆ ಊಟ ಸೇರುವುದಿಲ್ಲ. ಒಂದು ವಾರಕ್ಕೆ ಎದ್ದು ಕೂತಳು. ಆದರೆ ಆ ಮಧ್ಯಾಹ್ನ ಅದು ಯಾರಿಗೂ ಗೊತ್ತಿರಲಿಲ್ಲ.

ತ್ರಿವೇಣಿ ಮಧುವಿಗೆ ಫೋನ್ ಮಾಡಿದಳು. ಇನ್ನು ಹದಿನೈದು ಕಿಲೋಮೀಟರ್ ಎಂದ. ಹಿಂದಿನ ಸೀಟಿನಿಂದ, "ಕೊಂಡೀ, ಏ ಕೊಂಡೀ," ಎಂದು ಕರೆಯುವುದು ಕೇಳಿಸುತ್ತಿತ್ತು. ಉತ್ತರ ಇರಲಿಲ್ಲ. ಆಮೇಲೆ ಫೋನು ಕೈ ಬದಲಾಯಿತು.

"ಮೇಡಮ್ಮ," ಎಂದ ವೆಂಕಟರಾಯಪ್ಪ. "ಡಾಕ್ಟರಮ್ಮ ನೋಡಿದ್ರಾ? ಏನೂ ಇಲ್ಲ ಅಂದ್ರಾ?"

"ಇಲ್ಲಣ್ಣ. ರಕ್ತಾನೇ. ಬೇಗ ಹೋಗಿ, ಅಲ್ಲಿ ಕಾಯ್ತಾ ಇರ್ತಾರೆ."

"ಬೇಜಾರು ಮಾಡ್ಕೋಬ್ಯಾಡ್ರಿ," ಎಂದ ಅವನು. "ದಾರಿ ಉದ್ದಕ್ಕೂ ದೇವರನ್ನ ಒಂದೇ ಕೇಳ್ಕೊಂತಾ ಬಂದೆ, ಆ ಹುಡುಗಿ ಹೇಳಿದ್ದು ಸುಳ್ಳಾಗ್ಲಪ್ಪ ಅಂತ."

ತ್ರಿವೇಣಿ ಫೋನನ್ನು ಕಿವಿಗೆ ಒತ್ತಿಕೊಂಡು, ನಕ್ಕ ಬಾಯಿಗೆ ಸೆರಗು ಹಿಡಿದು, ಕಾರು ಅನಂತಪುರ ಸೇರುವವರೆಗೂ ಅವನು ಹೆಂಡತಿಯನ್ನು ಕರೆಯುವುದನ್ನು ಕೇಳಿಸಿಕೊಳ್ಳುತ್ತ ನಿಂತಳು.